ಬೂತಾಯಿ ಮೀನಿನ ಸಂತತಿ ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಹೇಗೆ ನಿರ್ಣಯಿಸುತ್ತಾರೆ?

ಬಂದರಿಗೆ ಬಂದ ಮೀನಿನ ಟನ್ ಲೆಕ್ಕವೊಂದರಿಂದಲೇ ಇದು ತಿಳಿಯುವುದಿಲ್ಲ. ದೋಣಿಗಳು ಹೆಚ್ಚಾದರೆ ಸಂತತಿ ಕುಗ್ಗುತ್ತಿರುವಾಗಲೂ ಇಳುವರಿ ಏರಬಹುದು. ಆದ್ದರಿಂದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದರುಗಳಲ್ಲಿ ಮಾದರಿ ಮೀನುಗಳನ್ನು ಪಡೆದು, ಮೂತಿಯಿಂದ ಬಾಲದ ತುದಿಯವರೆಗೆ ಅಳೆದು, ಹೊಟ್ಟೆ ಸೀಳಿ ಮೊಟ್ಟೆ ಯಾವ ಹಂತದಲ್ಲಿದೆಯೆಂದು ಗುರುತಿಸುತ್ತಾರೆ. ಇಂಥ ಅಳತೆಗಳಿಂದ ಬೆಳವಣಿಗೆಯ ವೇಗವನ್ನೂ, ಸಹಜ ಸಾವು ಮತ್ತು ಬಲೆಯಿಂದಾಗುವ ಸಾವುಗಳ ಪ್ರಮಾಣವನ್ನೂ ಅಂದಾಜಿಸಿ, ಕಡಲಲ್ಲಿ ಈಗ ಉಳಿದಿರುವ ಮೀನಿನ ಒಟ್ಟು ತೂಕವನ್ನು ಗರಿಷ್ಠ ಸುಸ್ಥಿರ ಇಳುವರಿಗೆ, ಅಂದರೆ ಸಂತತಿ ಕುಗ್ಗದಂತೆ ವರ್ಷವರ್ಷವೂ ಹಿಡಿಯಬಹುದಾದ ಅತಿ ಹೆಚ್ಚಿನ ಪ್ರಮಾಣಕ್ಕೆ, ಬೇಕಾದ ತೂಕದೊಂದಿಗೆ ಹೋಲಿಸುತ್ತಾರೆ.

ಬೂತಾಯಿಯ ವಿಷಯದಲ್ಲಿ ಈ ತೀರ್ಮಾನ ಸುಲಭವಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಇಳುವರಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಅಲ್ಪಾಯುಷಿಯಾದ ಈ ಮೀನು ಮಳೆ, ಎಲ್ ನಿನೋ (ಪೆಸಿಫಿಕ್ ಸಾಗರದ ಮೇಲ್ನೀರು ಬಿಸಿಯಾಗುವ ವಿದ್ಯಮಾನ) ಹಾಗೂ ಆಳದಿಂದ ಮೇಲೇಳುವ ತಣ್ಣೀರಿಗೆ ಅನುಗುಣವಾಗಿ ಏರಿಳಿಯುವುದರಿಂದ, ಕುಸಿತದ ಹೊಣೆಯನ್ನು ಬಲೆಯ ಮೇಲಷ್ಟೇ ಹೊರಿಸಲಾಗದು.