ಪಿಎಸ್‌ಎ ಸೆನ್ಸರಿಗೆ ಗ್ರಾಫೀನ್ ಒಳ್ಳೆಯದೋ, ಚಿನ್ನದ ನ್ಯಾನೋಕಣವೋ?

ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನು, ಕ್ಯಾನ್ಸರಿನ ಸುಳಿವಿಗೆ ರಕ್ತದಲ್ಲಿ ಅಳೆಯುತ್ತಾರೆ. ಅದನ್ನು ಅಳೆಯುವ ಸೆನ್ಸರ್ ಮಾಡಲು ಹೊರಟ ನೀವು, ಗ್ರಾಫೀನ್ (ಕಾರ್ಬನ್ನಿನ ಅತಿ ತೆಳು ಹಾಳೆ) ಹಾಕುವುದೋ ಚಿನ್ನ ಹಾಕುವುದೋ ಅಂತ ಬರೆದು ಕೇಳಿದ್ದೀರಿ. ಬದಿಯಡ್ಕದಿಂದ ಎಂಎಸ್ಸಿಗೆ ಹೋದ ಕಾಲದಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಕೂತವನು. ಕೊನೆಗೆ ಚಿನ್ನ ಹಾಕಿದೆ. ಕಾರ್ಬನ್ ಎಲೆಕ್ಟ್ರೋಡಿನ ಮೇಲೆ ಚಿನ್ನದ ಕಣ, ಅದರ ಮೇಲೆ ಪಿಎಸ್‌ಎಯನ್ನು ಹಿಡಿಯುವ ಆಂಟಿಬಾಡಿ. ಪಿಎಸ್‌ಎ ಬಂದು ಅಂಟಿದರೆ ದ್ರಾವಣದಲ್ಲಿ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಫೆರಿಸಯನೈಡಿಗೆ ಎಲೆಕ್ಟ್ರೋಡಿನ ದಾರಿ ಮುಚ್ಚಿ ಇಂಪೀಡೆನ್ಸ್, ಅಂದರೆ ಕರೆಂಟಿಗಾಗುವ ತಡೆ, ಏರುತ್ತದೆ. ಬಫರಿನಲ್ಲಿ, ಅಂದರೆ ಬೇರೆ ಪ್ರೋಟೀನಿಲ್ಲದ ಶುದ್ಧ ಲವಣದ ದ್ರಾವಣದಲ್ಲಿ, ಗ್ರಾಫ್ ನೆಟ್ಟಗೆ ಬಂತು, ತಿಂಗಳುಗಟ್ಟಲೆ ಅದನ್ನೇ ಚಂದ ಮಾಡುತ್ತ ಹೋದೆ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಕೊನೆಗೆ ನೋಡಿದರಾಯಿತು ಅಂತ ಬಿಟ್ಟೆ. ಕೆಟ್ಟದ್ದು ಅಲ್ಲಿ.

ಪಿಎಸ್‌ಎಗೆ ವೈದ್ಯರು ಸಾಮಾನ್ಯವಾಗಿ ನೋಡುವ ಗಡಿ ಮಿಲಿಲೀಟರಿಗೆ 4 ನ್ಯಾನೋಗ್ರಾಂ. ಅದೇ ಮಿಲಿಲೀಟರ್ ಸೀರಮ್ಮಿನಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸುಮಾರು 40 ಮಿಲಿಗ್ರಾಂ ಉಂಟು. ಒಂದು ಕೋಟಿ ಪಟ್ಟು! ಅದು ಸಿಕ್ಕಿದಲ್ಲೆಲ್ಲ ಮೆತ್ತಿಕೊಳ್ಳುತ್ತದೆ, ಮೆತ್ತಿಕೊಂಡರೂ ಇಂಪೀಡೆನ್ಸ್ ಏರುತ್ತದೆ. ಅಂಟಿದ್ದು ಯಾವುದು ಅಂತ ಆ ಅಳತೆ ಹೇಳುವುದಿಲ್ಲ. ಹೆಂಗಸರ ರಕ್ತದಲ್ಲಿ ಪಿಎಸ್‌ಎ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಸೀರಮ್ ಹಾಕಿದರೆ ನನ್ನ ಸೆನ್ಸರ್ 4ಕ್ಕಿಂತ ಮೇಲೆ ತೋರಿಸಿತು. ಅಷ್ಟು ಹೊತ್ತಿಗೆ ಆಂಟಿಬಾಡಿ ಮುಗಿದಿತ್ತು, ತರಿಸಲು ದುಡ್ಡಿರಲಿಲ್ಲ. ಬರೆದಿಟ್ಟ ಪೇಪರ್ ಕಳಿಸಲೇ ಇಲ್ಲ.

ಹಾಗಾಗಿ ಮಾರಾಯ್ರೇ, ನೀವು ಕೇಳಬೇಕಾದ ಪ್ರಶ್ನೆ ಇದಲ್ಲ. ಗ್ಲುಕೋಮೀಟರಿನಷ್ಟೇ ಸುಲಭವಾಗಬೇಕು ಅಂತ ಬರೆದಿದ್ದೀರಲ್ಲ, 1962ರಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರ್ಕ್ ತೋರಿಸಿಕೊಟ್ಟ ಆ ದಾರಿಯಲ್ಲಿ ಎಂಜೈಮ್ ಸಕ್ಕರೆಯ ಮೇಲೆ ಬಿಡದೆ ಕೆಲಸ ಮಾಡಿ ಕರೆಂಟಿಗೆ ಬೇಕಾದ್ದನ್ನು ಕೊಡುತ್ತಲೇ ಇರುತ್ತದೆ. ಸಕ್ಕರೆಯೂ ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಇರುತ್ತದೆ. ಆಂಟಿಬಾಡಿ ಹಿಡಿದುಕೊಳ್ಳುತ್ತದೆ, ಅಷ್ಟೇ. ಎಂಜೈಮ್ ಕಟ್ಟಿದ ಎರಡನೇ ಆಂಟಿಬಾಡಿಯನ್ನು, ಸಿಕ್ಕಿದ ಪಿಎಸ್‌ಎಯ ಮೇಲಿಂದ ಕೂರಿಸಿ, ಚೆನ್ನಾಗಿ ತೊಳೆದು, ಕರೆಂಟ್ ಅಳೆಯಿರಿ. ಬರೀ ಇಂಪೀಡೆನ್ಸ್ ನಂಬಬೇಡಿ. ಚಿನ್ನಕ್ಕೆ ಗಂಧಕ ಗಟ್ಟಿಯಾಗಿ ಹಿಡಿಯುವುದರಿಂದ ತುದಿಯಲ್ಲಿ ಗಂಧಕವಿರುವ ಪಿಇಜಿಯ (ಬೇರೆ ಪ್ರೋಟೀನು ಮೆತ್ತದಂತೆ ನೋಡುವ ಪಾಲಿಮರ್) ತಡೆಪದರ ಕೂರಿಸುವುದು ಸಲೀಸು, ಆ ಕಾರಣಕ್ಕೆ ಚಿನ್ನ ಹಾಕಿ. ಫೆಮ್ಟೋಗ್ರಾಂ (ನ್ಯಾನೋಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು) ಹಿಡಿದೆ ಎಂಬ ಹೆಸರಿನ ಆಸೆ ಬೇಡ. 4ರ ಆಚೆ ಈಚೆ ಸರಿಯಾಗಿ ಹೇಳಿದರೆ ಸಾಕು. ಪ್ರಾಸ್ಟೇಟ್ ಸುಮ್ಮನೆ ದಪ್ಪವಾದರೂ, ಸೋಂಕಾದರೂ ಪಿಎಸ್‌ಎ ಏರುತ್ತದೆ. ಅದರ ಮೇಲೆ ಸೆನ್ಸರಿನ ಸುಳ್ಳೂ ಸೇರಿದರೆ ಪೆರ್ಲದ, ಮುಳ್ಳೇರಿಯದ ಯಾವುದೋ ಅಜ್ಜ ಬಯಾಪ್ಸಿಗೆಂದು ಮಂಗಳೂರು ಬಸ್ಸು ಹತ್ತಬೇಕಾಗುತ್ತದೆ.

ಮೊದಲ ವಾರದಲ್ಲೇ ಹೆಂಗಸರ ಸೀರಮ್ ಹಾಕಿ ನೋಡಿ, ಲ್ಯಾಬಿನ ಎಲೈಸಾ ಪರೀಕ್ಷೆಯ ಜೊತೆ ತಾಳೆ ಹಾಕಿ. ಸೀರಮ್ಮಿಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಅದು ಬರುವಾಗ ತಡವಾಗುತ್ತದೆ. ಎಲೆಕ್ಟ್ರೋಡಿಗೆ ಆರ್ಡರ್ ಕೊಡುವ ಮೊದಲೇ ಆ ಅರ್ಜಿ ಹಾಕಿಬಿಡಿ.