ಇಂಗ್ಲಿಷ್ ಬಾರದ ಜರ್ಮನ್ ಸೈನಿಕರು ಹೇಗೆ ಹೋರಾಡಿದರು?

ಅಮೆರಿಕದ ಅಂತರ್ಯುದ್ಧದಲ್ಲಿ (1861-65ರಲ್ಲಿ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ನಡೆದದ್ದು) ಇಂಗ್ಲಿಷ್ ಸರಿಯಾಗಿ ಬಾರದ ಜರ್ಮನ್ ವಲಸಿಗರು ಆದೇಶ ಹೇಗೆ ಪಾಲಿಸುತ್ತಿದ್ದರು ಅಂತ ಕೇಳಿದ್ದೀರಲ್ವಾ? ಕೆಲವು ರೆಜಿಮೆಂಟ್‌ಗಳಲ್ಲಿ, ಅಂದರೆ ಸೇನಾದಳಗಳಲ್ಲಿ, ಇಂಗ್ಲಿಷ್ ಬೇಕಾಗಿಯೇ ಇರಲಿಲ್ಲ. 1861ರಲ್ಲಿ ಕಟ್ಟಿದ, ಉತ್ತರದ ಪಕ್ಷದಲ್ಲಿದ್ದ ಇಂಡಿಯಾನಾ ರಾಜ್ಯದ 32ನೇ ಸ್ವಯಂಸೇವಕ ರೆಜಿಮೆಂಟನ್ನೇ ನೋಡಿ. ಅಧಿಕಾರಿಗಳೂ ಜರ್ಮನ್ನರು, ಆದೇಶವೂ ಜರ್ಮನ್‌ನಲ್ಲೇ.

ಅದರ ಕರ್ನಲ್ ಆಗಸ್ಟ್ ವಿಲಿಚ್ ಮೊದಲು ಪ್ರಷ್ಯಾದ ಸೇನಾಧಿಕಾರಿಯಾಗಿದ್ದು, ಆಮೇಲೆ 1848-49ರ ಕ್ರಾಂತಿಯಲ್ಲಿ ರಾಜರ ವಿರುದ್ಧವೇ ನಿಂತು, ಸೋತು, ದೇಶ ಬಿಟ್ಟು ಬಂದವರು. ಕವಾಯತಿನಲ್ಲಿ ಬಹಳ ಕಟ್ಟುನಿಟ್ಟು. 1862ರ ಏಪ್ರಿಲ್‌ನಲ್ಲಿ ಶೈಲೋ ಕದನದ ಎರಡನೇ ದಿನ ಹುಡುಗರು ಸ್ವಲ್ಪ ಅಲುಗಾಡಿದಾಗ, ಶತ್ರುಗಳಿಗೆ ಬೆನ್ನು ಮಾಡಿ ನಿಂತು, ಗುಂಡು ಹಾರುತ್ತಿರುವಾಗಲೇ ಬಂದೂಕಿನ ಕವಾಯತು ಮಾಡಿಸಿದರು! ಸಾಲು ಮತ್ತೆ ಗಟ್ಟಿಯಾಯಿತು. ಇಂಥ ಧೈರ್ಯ ಸುಮ್ನೆ ಬರುವುದಿಲ್ಲ.

ಅದಕ್ಕೂ ಮೊದಲು, 1861ರ ಡಿಸೆಂಬರ್ 17ರಂದು, ಕೆಂಟಕಿಯ ರೌಲೆಟ್ಸ್ ಸ್ಟೇಷನ್‌ನಲ್ಲಿ ದಕ್ಷಿಣದ ಪಕ್ಷದ ಟೆಕ್ಸಾಸ್ ಕುದುರೆ ಸವಾರರನ್ನು ಇದೇ ರೆಜಿಮೆಂಟ್ ತಡೆದಿತ್ತು. ಅಲ್ಲಿ ಸತ್ತವರಿಗಾಗಿ ಆಗಸ್ಟ್ ಬ್ಲೋಡ್ನರ್ ಎಂಬ ಸಾಮಾನ್ಯ ಸಿಪಾಯಿ ಸುಣ್ಣದ ಕಲ್ಲಿನಲ್ಲಿ ಜರ್ಮನ್ ಬರಹ ಕೆತ್ತಿದ. ಈಗ ಉಳಿದಿರುವ ಅಂತರ್ಯುದ್ಧ ಸ್ಮಾರಕಗಳಲ್ಲಿ ಅದೇ ಅತ್ಯಂತ ಹಳೆಯದು ಎನ್ನುತ್ತಾರೆ.

ಆದರೆ ಜಾಸ್ತಿ ಜರ್ಮನ್ನರು ಇದ್ದದ್ದು ಎಲ್ಲರೂ ಸೇರಿದ ಮಿಶ್ರ ರೆಜಿಮೆಂಟ್‌ಗಳಲ್ಲಿ. ಅಲ್ಲಿ ಇಂಗ್ಲಿಷ್ ಆದೇಶಕ್ಕೇ ಹೊಂದಿಕೊಳ್ಳಬೇಕಿತ್ತು.