“ಕೌನ್ಸೆಲರ್ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಾರೆ ಮೇಡಂ”

ಅವರನ್ನು ಇಲ್ಲಿ ಶೋಭಾ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯ ವಿವರ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಆನ್‌ಲೈನ್ ಡಿಗ್ರಿಗೆ ಸೇರಲೋ ಬೇಡವೋ ಎಂಬ ಪ್ರಶ್ನೆ ಹಿಡಿದು ಒಂದು ವರ್ಷದಲ್ಲಿ ಸಲಹೆಗೆ ನನ್ನ ಹತ್ತಿರ ಬಂದವರಲ್ಲಿ ಅವರು ಐದನೆಯವರು. ಉಳಿದ ನಾಲ್ವರ ವಿಷಯದಲ್ಲಿ ಆರಾಮಾಗಿ ನಿದ್ದೆ ಮಾಡಿದ್ದೇನೆ. ಇವರ ವಿಷಯದಲ್ಲಿ ಮಾತ್ರ ನಾನು ಹೇಳಿದ್ದು ಸರಿಯಾ ಅಂತ ಈಗಲೂ ಕೊರೆಯುತ್ತದೆ.

ಶೋಭಾಗೆ 36 ವರ್ಷ. ಬಿ.ಎ. ಆಗಿದೆ. ಒಂದು ಖಾಸಗಿ ಶಾಲೆಯಲ್ಲಿ ಹತ್ತು ವರ್ಷದಿಂದ ಎಲ್‌ಕೆಜಿ ಮಿಸ್. ಸಂಬಳ 11,000 ರೂಪಾಯಿ. ಗಂಡ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಮನೆಯಲ್ಲಿ ಅತ್ತೆ, ಒಬ್ಬಳು ಮಗಳು. ಶಾಲಾಪೂರ್ವ ಶಿಕ್ಷಣದಲ್ಲಿ ಆನ್‌ಲೈನ್ ಎಂ.ಎ. ಮಾಡಬೇಕು ಅನ್ನುವುದು ಅವರ ಆಸೆ. ಫೀಸು ಒಂದೂವರೆ ಲಕ್ಷ. ಎರಡು ವರ್ಷ, ತಿಂಗಳಿಗೆ 6,900ರ ಕಂತು. ಸೇರಲೋ ಬೇಡವೋ ಎಂದು ಯೋಚಿಸಿ ಯೋಚಿಸಿ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದರು.

ಎರಡನೇ ಭೇಟಿಯಲ್ಲಿ, ನಾವು ಮಾತಾಡುತ್ತಿರುವಾಗಲೇ ಶೋಭಾಗೆ ಫೋನ್ ಬಂತು. “ಕೌನ್ಸೆಲರ್, ಮೇಡಂ. ದಿನಕ್ಕೆ ನಾಲ್ಕು ಸಲ ಮಾಡ್ತಾರೆ” ಎಂದು ಸ್ಪೀಕರ್ ಹಾಕಿದರು. ಆ ಹುಡುಗ ಒಂದೇ ಉಸಿರಿಗೆ ಹೇಳಿದ: ಹೊಸ ಶಿಕ್ಷಣ ನೀತಿ ಬಂದಿದೆ, ಇನ್ನು ನರ್ಸರಿ ಟೀಚರಿಗೂ ಮಾಸ್ಟರ್ಸ್ ಕಡ್ಡಾಯ, ಸ್ಕಾಲರ್‌ಶಿಪ್ ನಾಳೆಗೆ ಮುಗಿಯುತ್ತೆ, 5,000 ಕಟ್ಟಿ ಸೀಟ್ ಬ್ಲಾಕ್ ಮಾಡ್ಕೊಳ್ಳಿ. ಆನ್‌ಲೈನ್ ಕೋರ್ಸಿಗೆ ಯಾವ ಬೆಂಚು, ಯಾವ ಸೀಟು? ಕೋರ್ಸ್ ಮಾರುವವರೂ ತಮ್ಮನ್ನು ಕೌನ್ಸೆಲರ್ ಎಂದು ಕರೆದುಕೊಳ್ಳುತ್ತಾರೆ, ನಾನೂ ಕರೆದುಕೊಳ್ಳುತ್ತೇನೆ. ಈ ಒಂದು ಸಿಟ್ಟು ನನ್ನ ಸಲಹೆಯೊಳಗೆ ನುಸುಳಿರಬಹುದು, ಮೊದಲೇ ಹೇಳಿಬಿಡುತ್ತೇನೆ.

ಫೋನ್ ಇಟ್ಟ ಮೇಲೆ ನಾನು ಕೇಳಿದೆ, “ಡಿಗ್ರಿ ಕೈಗೆ ಬಂತು ಅಂದ್ಕೊಳ್ಳಿ. ಮಾರನೇ ದಿನ ಶಾಲೆಗೆ ಹೋಗ್ತೀರಿ. ಏನು ಬದಲಾಗಿರುತ್ತೆ?”

ಸಂಬಳ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ ಎಳೆದು ಬಿಟ್ಟು ಮಾಡಿದರು. ಆಮೇಲೆ, “ಯಾರೂ ನನ್ನ ಆಯಾ ಅನ್ನಲ್ಲ ಅಲ್ವಾ ಮೇಡಂ?”

ಪೋಷಕರ ಸಭೆಯ ದಿನ ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡಿತ್ತಂತೆ. ತಂದೆ ಆ ಚಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಶೋಭಾ ಕಡೆ ತೋರಿಸಿ, “ಅಲ್ಲಿ ಆಯಾ ಇದ್ದಾರಲ್ಲ, ಕೊಡು” ಎಂದು ಹೆಂಡತಿಗೆ ಹೇಳಿದರು. ಶೋಭಾ ಸುಮ್ನೆ ಈಸಿಕೊಂಡರು, ತೊಳೆದು ಒಣಗಹಾಕಿದರು. ಮನೆಗೆ ಬಂದು ಸೋಫಾದಲ್ಲಿ ಒರಗಿದರೆ ಅತ್ತೆ, “ಮಕ್ಕಳನ್ನ ಆಡಿಸ್ಕೊಂಡು ಬರೋಕೆ ಇಷ್ಟು ಸುಸ್ತಾ?” ಅಂದರು. ಎಂ.ಎ. ಜಾಹೀರಾತಿನ ನಂಬರಿಗೆ ಅವರು ಮೆಸೇಜ್ ಹಾಕಿದ್ದು ಅದೇ ರಾತ್ರಿ.

ನಾನು ಎಂ.ಎ. ವಿಷಯ ಅಲ್ಲಿಗೇ ಬಿಟ್ಟೆ. “ನಿಮ್ಮ ಕ್ಲಾಸಿನ ಒಂದು ಮಗುವಿನ ಬಗ್ಗೆ ಹೇಳಿ” ಅಂದೆ.

ಜೂನ್‌ನಲ್ಲಿ ಸೇರಿದ ಒಬ್ಬ ಹುಡುಗ ಆಗಸ್ಟ್ ತನಕ ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ ಲಂಬಾಣಿ ಮಾತು, ಇಲ್ಲಿ ಇಂಗ್ಲಿಷ್ ರೈಮ್ಸ್. ಸದಾ ನೀರಿನ ಡ್ರಮ್ಮಿನ ಹತ್ತಿರ ನಿಂತಿರುತ್ತಿದ್ದ. ಬೇರೆ ಟೀಚರು ಎಳೆದು ತಂದು ಕೂರಿಸುತ್ತಿದ್ದರು. ಶೋಭಾ ಅವನ ಕೈಗೆ ಒಂದು ಚೊಂಬು, ಒಂದು ಆಲಿಕೆ ಕೊಟ್ಟರು. ಎಲ್ಲರ ಬಾಟಲಿಗೆ ನೀರು ತುಂಬುವ ಕೆಲಸ ಅವನದು. ಕರೆದುಕೊಂಡು ಹೋಗಲು ಬಂದ ಅಜ್ಜಿಯನ್ನು ಕೇಳಿ ಒಂದು ಮಾತು ಕಲಿತರು. ಮಾರನೇ ದಿನ “ಪಾಣಿ” ಅಂದಾಗ ಹುಡುಗ ಬೆರಗಾಗಿ ನೋಡಿ ನಕ್ಕ. ಮೂರು ವಾರದ ಮೇಲೆ ಅವನ ಮೊದಲ ವಾಕ್ಯ ಬಂತು: “ಮಿಸ್, ಪಾಣಿ ಸಾಕು.” ಈಗ ದಿನಾ 26 ಬಾಟಲಿ ಎಣಿಸಿ ಇಡುತ್ತಾನೆ. ಒಂದು ಕಡಿಮೆ ಬಂದರೆ ಇವತ್ತು ಯಾರು ಬಂದಿಲ್ಲ ಅಂತ ಹೇಳುತ್ತಾನೆ.

ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು. “ಇದನ್ನೆಲ್ಲ ಎಲ್ಲಾದ್ರೂ ಬರೆದಿಟ್ಟಿದ್ದೀರಾ?” ಅಂದೆ. “ಇದರಲ್ಲಿ ಬರೆಯೋದೇನಿದೆ ಮೇಡಂ?” ಅಂದರು.

ನನ್ನ ಸಲಹೆ ಅಲ್ಲಿಂದ ಹುಟ್ಟಿದ್ದು. ಮಗು ಏನು ಮಾಡಿತು, ಟೀಚರ್ ಏನು ಮಾಡಿದರು, ಆಮೇಲೆ ಏನಾಯಿತು ಎಂದು ಬರೆಯುವುದು ಈ ಓದಿನ ಅರ್ಧ ಭಾಗ. ಶೋಭಾ ಆ ಅರ್ಧವನ್ನು ಬರೆಯದೆ ಬದುಕುತ್ತಿದ್ದರು. ದಿನಕ್ಕೊಂದು ಮಗು, ಐದು ಸಾಲು, ತಾರೀಖು ಹಾಕಿ ಬರೆಯಿರಿ ಅಂದೆ. ಓದುವ ಆಸೆಗೆ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ ತೋರಿಸಿದೆ. ಪಿಯುಸಿ ಆಗಿದ್ದರೆ ಸಾಕು, ಒಂದು ವರ್ಷದಲ್ಲಿ ಮುಗಿಸಬಹುದು, ಮಕ್ಕಳ ಜೊತೆ ಕೆಲಸ ಮಾಡಿ ಬರೆಯುವ ಪ್ರಾಜೆಕ್ಟೂ ಇದೆ. ಕಂತಿನ ಸಾಲ ಬೇಕಿಲ್ಲ.

ಇನ್ನು ಫೋನಿನಲ್ಲಿ ಆ ಕೌನ್ಸೆಲರ್ ಹುಡುಗ ಹೇಳಿದ್ದು. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಯನ್ನು ಬುನಾದಿ ಹಂತ ಅನ್ನುತ್ತದೆ, ನಿಜ. ಆದರೆ ಅದರಲ್ಲಿ ಪಿಯುಸಿ ಆದ ಅಂಗನವಾಡಿ ಕಾರ್ಯಕರ್ತೆಯರಿಗೆ ಹೇಳಿರುವುದು ಆರು ತಿಂಗಳ ಸರ್ಟಿಫಿಕೇಟು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಮಾಸ್ಟರ್ಸ್ ಕಡ್ಡಾಯ ಅನ್ನುವ ಮಾತಿಲ್ಲ. ಸರ್ಕಾರಿ ಶಾಲೆ ಸೇರಬಹುದು ಅಂತಲೂ ಆಸೆ ತೋರಿಸಿದ್ದ. ಒಂದರಿಂದ ಐದನೇ ತರಗತಿಗೆ ಡಿ.ಎಲ್.ಎಡ್. ಎಂಬ ಶಿಕ್ಷಕ ತರಬೇತಿ ಡಿಪ್ಲೊಮಾ, ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು. ಬಿ.ಎಡ್. ಕೂಡ ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈ ಎಂ.ಎ. ಅದಕ್ಕೆ ಬದಲಿಯಲ್ಲ.

ಹಾಗಂತ ಆನ್‌ಲೈನ್ ಡಿಗ್ರಿಯೆಂದರೆ ಬೋಗಸ್ ಅಂತ ನಾನು ಹೇಳುವವಳಲ್ಲ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಡಿಗ್ರಿ ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಸೆಪ್ಟೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ. ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರೂ ಇರಬೇಕು ಅಷ್ಟೆ. ಸೇರಲು ಈಗ ಆ ವಿಭಾಗದ ಡಿಇಬಿ ಐಡಿ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ ಬೇಕು. ಅದನ್ನು ಏಜೆಂಟನ ಕೈಯಲ್ಲಿ ಮಾಡಿಸಬೇಡಿ, ನಿಮ್ಮದೇ ಮೊಬೈಲಿನಲ್ಲಿ ಮಾಡಿಕೊಳ್ಳಿ. ಶೋಭಾ ತಂದ ಕರಪತ್ರದಲ್ಲಿ ವಿದೇಶಿ ವಿಶ್ವವಿದ್ಯಾಲಯದ ಹೆಸರು ದೊಡ್ಡದಾಗಿತ್ತು, ಕೋರ್ಸ್ ಮಾರುವ ಕಂಪನಿಯ ಹೆಸರು ಇರುವೆ ಗಾತ್ರದಲ್ಲಿತ್ತು. ವಿದೇಶಿ ವಿಶ್ವವಿದ್ಯಾಲಯದ ಜೊತೆ ಕಂಪನಿ ಸೇರಿ ಕೊಡುವ, ತನ್ನ ಒಪ್ಪಿಗೆಯಿಲ್ಲದ ಇಂಥ ಡಿಗ್ರಿಗಳಿಗೆ ಮಾನ್ಯತೆ ಇಲ್ಲ ಎಂದು 2023ರ ಡಿಸೆಂಬರ್‌ನಲ್ಲಿ ಯುಜಿಸಿ ಎಚ್ಚರಿಸಿತ್ತು. ಮತ್ತೆ ಆ ಕಂತು. ಅದು ಫೀಸಿನ ಕಂತಲ್ಲ, ಫೈನಾನ್ಸ್ ಕಂಪನಿಯ ಸಾಲ. ಓದು ಬಿಟ್ಟರೂ ಸಾಲ ಬಿಡುವುದಿಲ್ಲ.

ಇದನ್ನೆಲ್ಲ ನನ್ನ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಸಾಫ್ಟ್‌ವೇರ್ ಹುಡುಗ ಬಂದು ಆನ್‌ಲೈನ್ ಎಂಬಿಎ ಮಾಡ್ತೀನಿ ಅಂದಿದ್ರೆ ಯಾಕೆ ಅಂತ ಕೇಳ್ತಿದ್ರಾ ನೀವು?” ಇಲ್ಲ. ಕೇಳುತ್ತಿರಲಿಲ್ಲ. ಅವನಿಗೆ ಆ ಕಂತು ಎರಡು ದಿನದ ದುಡಿಮೆ, ಇವರಿಗೆ ಅರ್ಧಕ್ಕಿಂತ ಜಾಸ್ತಿ ಸಂಬಳ ಅಂತ ವಾದ ಮಾಡಿದೆ. ಲೆಕ್ಕ ಸರಿಯಾಗಿಯೇ ಇದೆ. ಆದರೂ ಹತ್ತು ವರ್ಷ ಚಿಕ್ಕದರಲ್ಲೇ ಇದ್ದವರಿಗೆ ನಾನೂ ಚಿಕ್ಕದನ್ನೇ ತೋರಿಸಿದೆನಾ? ಈ ಮುಳ್ಳು ಇನ್ನೂ ಹೋಗಿಲ್ಲ. ಇನ್ನೊಬ್ಬರು ಬಂದರೆ ಇದನ್ನೇ ಹೇಳುತ್ತೇನೆ, ಅದೂ ಗೊತ್ತು.

ಶೋಭಾ ಸೀಟ್ ಬ್ಲಾಕ್ ಮಾಡಲಿಲ್ಲ, ಡಿಪ್ಲೊಮಾ ಸೇರಿದರು. ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದದ್ದನ್ನು ಹೆಡ್‌ಮಿಸ್‌ಗೆ ತೋರಿಸಿದರಂತೆ. “ಚೆನ್ನಾಗಿದೆ” ಅಂದರಂತೆ, ಸಂಬಳ ಏರಿಲ್ಲ. ಹೋದ ತಿಂಗಳು ಫೋನ್ ಮಾಡಿ, “ಡಿಪ್ಲೊಮಾ ಮುಗಿದ ಮೇಲೆ ಎಂ.ಎ. ಮಾಡೇ ಮಾಡ್ತೀನಿ ಮೇಡಂ, ಆಗ ತಡೀಬೇಡಿ” ಅಂದರು. ತಡೆಯೋಕೆ ನಾನ್ಯಾರು, ಫೀಸಿನ ರಸೀದಿ ಮಾತ್ರ ಯೂನಿವರ್ಸಿಟಿ ಹೆಸರಲ್ಲೇ ಇರಲಿ ಅಂದೆ.